ಶ್ರೀಶೈಲದ ದಾರಿಯಲ್ಲಿ ನೀರು: ಲೋಟ ನಿಮ್ಮದೇ ಇರಲಿ

ಅಕ್ಕಾರೇ, ಯುಗಾದಿಗೆ ಇಳಕಲ್‌ನಿಂದ ಅಪ್ಪಾಜಿ ಜೊತೆ ಶ್ರೀಶೈಲಕ್ಕೆ ನಡೆದು ಹೊರಟಿದ್ದೀರಿ. ದಾರಿಯುದ್ದಕ್ಕೂ ಬಾಟಲಿ ನೀರೇ ಕೊಳ್ಳಬೇಕಾ, ಹಳ್ಳಿಗಳ ಬೋರ್ ನೀರು ನಡೆಯುತ್ತದಾ ಅಂತ ಕೇಳಿದ್ದೀರಿ. ನಾನು ಮಲ್ಲಯ್ಯನ ಕಂಬಿ ಹೊತ್ತು ಹೋಗುವ ಯಾತ್ರಿಕರ ಜೊತೆ ನಾಲ್ಕು ಸಲ ನಡೆದಿದ್ದೇನೆ. ಅದರಲ್ಲಿ ಒಂದು ಸಲ ನೀರಿನಿಂದಲೇ ಮಲಗಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಬ್ಬದ ಹೊತ್ತಿಗೆ ಈ ದಾರಿಯಲ್ಲಿ ನೀರು ಸಿಗುವುದು ಕಷ್ಟವೇ ಅಲ್ಲ. ಊರೂರಿಗೂ ಪೆಂಡಾಲು ಹಾಕಿ, ಕರೆದು ಕರೆದು ನೀರು, ಮಜ್ಜಿಗೆ, ಪಾನಕ ಕೊಡುತ್ತಾರೆ. ತೊಂದರೆ ಇರುವುದು ಡ್ರಮ್ಮಿನಲ್ಲಿ. ನಾನು ಮಲಗಿದ ಆ ವರ್ಷ, ಆಂಧ್ರದ ಆತ್ಮಕೂರು ಇನ್ನೊಂದು ದಿನದ ದಾರಿ ಇತ್ತು. ಮಧ್ಯಾಹ್ನ ಒಂದು ಗಂಟೆ ಬಿಸಿಲು. ನೀಲಿ ಡ್ರಮ್ಮು, ಅದಕ್ಕೆ ನಲ್ಲಿ ಇಲ್ಲ, ಸುತ್ತ ಒದ್ದೆ ಗೋಣಿಚೀಲ. ನನ್ನ ಮುಂದಿದ್ದವರು ಲೋಟ ಹಿಡಿದು ಮೊಣಕೈವರೆಗೂ ಕೈ ಇಳಿಸಿದರು. ಕೈ ಹೊರಗೆ ಬಂದಾಗ ಮುಂಗೈ ಮೇಲಿದ್ದ ವಿಭೂತಿ ಇರಲಿಲ್ಲ! ಕಣ್ಣಾರೆ ನೋಡಿದೆ. ಆದರೂ ಬಾಯಾರಿತ್ತು, ಕುಡಿದೆ. ಮರುದಿನ ಬೆಳಗಾಗುವುದರೊಳಗೆ ಎಂಟು ಸಲ ಚೊಂಬು ಹಿಡಿದು ಓಡಿದೆ.

ಆಗಿನಿಂದ ನಲ್ಲಿ ಇರುವ ಕ್ಯಾನ್ ಅಥವಾ ಟ್ಯಾಂಕ್ ಇದ್ದರೆ ಮಾತ್ರ ಬಾಟಲಿ ಹಿಡಿಯುತ್ತೇನೆ. ಡ್ರಮ್ಮೇ ಇದ್ದರೆ, ಸೇವೆ ಮಾಡುವವರಿಗೆ ಉದ್ದ ಹಿಡಿಕೆಯ ಸೌಟಿನಿಂದ ನಮ್ಮ ಲೋಟಕ್ಕೆ ಹಾಕಿ ಅಂತ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಡ್ರಮ್ಮು ಎಣ್ಣೆ ಅಥವಾ ಹೊಲಕ್ಕೆ ಹೊಡೆಯುವ ಔಷಧದ ಹಳೆ ಕ್ಯಾನಿನ ಹಾಗೆ ಕಂಡರೆ ಕೈಮುಗಿದು ಮುಂದೆ ಹೋಗಿ. ಮಜ್ಜಿಗೆಗೂ ಇದೇ ಮಾತು. ಅದಕ್ಕೆ ಬೆರೆಸಿದ ನೀರು, ಹಾಕಿದ ಐಸು ಎಲ್ಲಿಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಾನು ಐಸು ಇರುವುದನ್ನು ಮುಟ್ಟುವುದೇ ಇಲ್ಲ.

ಬೋರ್ ನೀರಿನ ವಿಷಯ. ರಾಯಚೂರು ಕಡೆ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಕೇಳಿ ಹೆದರಿದ್ದೀರಿ, ಅಲ್ವಾ? ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ವರ್ಷಗಟ್ಟಲೆ ಕುಡಿದರೆ. ಹತ್ತು ದಿನದ ನಡಿಗೆಗೆ ಅದೊಂದು ಚಿಂತೆಯಲ್ಲ. ನಮಗೆ ಚಿಂತೆ ಒಂದೇ ದಿನದಲ್ಲಿ ಮಲಗಿಸುವ ರೋಗಾಣು. ಸವಳು ಅಂತ ಕೈಪಂಪಿನ ನೀರು ಬಿಟ್ಟು, ಸಿಹಿಯಾಗಿದೆ ಅಂತ ಕಾಲುವೆ ನೀರು ಕುಡಿಯುವವರನ್ನು ನೋಡಿದ್ದೇನೆ. ಅದು ತಪ್ಪು ಲೆಕ್ಕ. ಕಾಲುವೆಗೆ ದನ ಇಳಿದಿರುತ್ತವೆ, ಹೊಲಕ್ಕೆ ಹೊಡೆದ ಔಷಧ ಸೇರಿರುತ್ತದೆ. ಔಷಧ ಕುದಿಸಿದರೂ ಹೋಗುವುದಿಲ್ಲ, ಕ್ಲೋರಿನ್‌ಗೂ ಹೋಗುವುದಿಲ್ಲ. ಕೈಪಂಪಿನಲ್ಲೂ ಕಟ್ಟೆ ಒಡೆದು ಸುತ್ತ ಕೊಚ್ಚೆ ನಿಂತಿದ್ದರೆ ಬಿಡಿ.

ನಮ್ಮ ಕಡೆ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಸಿಗುತ್ತದೆ. ಚಿಲ್ಲರೆ ನಾಣ್ಯ ಜೇಬಲ್ಲಿರಲಿ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕೊಳಕು ಬಾಟಲಿಗೆ ಹಿಡಿದರೆ ಸಂಜೆಯೊಳಗೆ ಅದೂ ಕೆಟ್ಟಂತೆಯೇ. ಬಾಟಲಿಯ ಬಾಯಿ, ಮುಚ್ಚಳದ ಒಳಸುತ್ತು ದಿನಾ ಸೋಪು ಹಾಕಿ ತೊಳೆಯಿರಿ. ಆಂಧ್ರಕ್ಕೆ ಕಾಲಿಟ್ಟ ಮೇಲೆ ಸುಮ್ನೆ ನೀರು ಅನ್ನಬೇಡಿ, ‘ಮಂಚಿನೀಳ್ಳು’ ಅಂತ ಕೇಳಿ. ಕುಡಿಯುವ ನೀರನ್ನೇ ತೋರಿಸುತ್ತಾರೆ.

ಅನುಮಾನ ಬಂದ ನೀರಿಗೆ ಮೆಡಿಕಲ್ ಅಂಗಡಿಯ ಕ್ಲೋರಿನ್ ಮಾತ್ರೆ ಹಾಕಿ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಚೀಟಿ ಓದಿ ಕೊಳ್ಳಿ. 20 ಲೀಟರಿನ ಮಾತ್ರೆಯನ್ನು ಒಂದು ಲೀಟರ್ ಬಾಟಲಿಗೆ ಹಾಕಿ ಒದ್ದಾಡಿದವರಿದ್ದಾರೆ. ನೀರು ರಾಡಿಯಾಗಿದ್ದರೆ ಮೊದಲು ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಕ್ಲೋರಿನ್ ವಾಸನೆ ತುಸು ಇರಬೇಕು, ಅದು ಒಳ್ಳೆಯದೇ. ರಾತ್ರಿ ತಂಗಿದಲ್ಲಿ ಒಲೆ ಇದ್ದರೆ ಕೊತಕೊತ ಕುದಿಸಿ ಆರಿಸಿಟ್ಟುಕೊಳ್ಳಿ, ಅದಕ್ಕಿಂತ ಸುಲಭ ಯಾವುದೂ ಇಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಆತ್ಮಕೂರು ದಾಟಿ ಸಿಗುವ ವೆಂಕಟಾಪುರದ ನಂತರ. ಅಲ್ಲಿಂದ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಆಮೇಲೆ ಕೈಲಾಸದ್ವಾರ. ಜಾತ್ರೆಯ ದಿನಗಳಲ್ಲಿ ತಂಗುವ ಕಡೆ ನೀರಿನ ವ್ಯವಸ್ಥೆ ಇರುತ್ತದೆ. ಆದರೆ ನಡುವಿನ ಹಾದಿ ಕಲ್ಲು, ಏರಿಳಿತ. ಭೀಮುನಿಕೊಲನಿನ ಇಳಿಜಾರು ಇಳಿದು ಮತ್ತೆ ಏರುವಾಗ ಅಪ್ಪಾಜಿಯವರಿಗೆ ದಮ್ಮು ಹತ್ತುತ್ತದೆ. ಒಬ್ಬೊಬ್ಬರೂ ಮೂರು ಲೀಟರ್ ನೀರು ಹೊತ್ತುಕೊಂಡೇ ಕಾಡಿಗೆ ಇಳಿಯಿರಿ, ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಕೆರೆ, ಕೊಳದ ನೀರು ಕಾಡುಪ್ರಾಣಿಗಳೂ ಕುಡಿಯುವುದು. ಮಾತ್ರೆ ಹಾಕದೆ ಬಾಯಿಗಿಡಬೇಡಿ. ಖಾಲಿ ಬಾಟಲಿ ಅಲ್ಲೇ ಎಸೆಯಬೇಡಿ, ಅದು ಹುಲಿ ಕಾಡು.

ಬಾಯಾರುವವರೆಗೂ ಕಾಯದೆ ಗುಟುಕು ಗುಟುಕಾಗಿ ಕುಡಿಯಿರಿ. ಬೇಧಿ ಶುರುವಾದರೆ ಓಆರ್‌ಎಸ್ ಪೊಟ್ಟಣ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಒಳ್ಳೆ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡೂ ಚಮಚ ಮಟ್ಟಸವಾಗಿರಲಿ, ಉಪ್ಪು ಜಾಸ್ತಿ ಆಗಬಾರದು. ಮೂತ್ರ ಕಮ್ಮಿಯಾಗಿ ಕಡು ಹಳದಿ ಆದರೆ, ಅಥವಾ ತಲೆ ಸುತ್ತಿದರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಪ್ಪಾಜಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದಿರಿ. ಕೆಲವು ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ. ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನೊಂದು. ಹಿರಿಯರು ಶ್ರೀಶೈಲ ಮುಟ್ಟಿದ ಮೇಲೆ ಪಾತಾಳಗಂಗೆಯಲ್ಲಿ, ಅಂದರೆ ಬೆಟ್ಟದ ಕೆಳಗಿನ ಕೃಷ್ಣಾ ನದಿಯಲ್ಲಿ, ಮಿಂದು ಬೊಗಸೆ ತುಂಬ ಕುಡಿಯಲು ಹೊರಡುತ್ತಾರೆ. ನಮ್ಮಪ್ಪನಿಗೆ ನಾನು ಬೇಡ ಅನ್ನಲಿಲ್ಲ, ತಲೆಗೆ ಚಿಮುಕಿಸಿಕೊಳ್ಳಿ, ಉಳಿದದ್ದು ಚೆಂಬಿನಲ್ಲಿ ಮನೆಗೆ ಒಯ್ಯೋಣ ಅಂದೆ. ಒಪ್ಪಿಕೊಂಡರು.