ವಾರ್ಡನ್ ಸತ್ತರೆ ನಗಬಹುದಾ?

ಕಾಲೇಜು ಹುಡುಗರ ಸಿನಿಮಾಗಳ ಬಗ್ಗೆ ನಿಮ್ಮ ಅಭಿಪ್ರಾಯ ಬರೆದು ಕಳಿಸಿ ಅಂತ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಿನಿಮಾದ ಸುತ್ತ ಇವೆ: 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ'. ಬಿಡುಗಡೆ ಆಗಿದ್ದು 2023ರ ಜುಲೈ 21ಕ್ಕೆ. ನಮ್ಮ ಓದುಗರ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ನೋಡದವರಿಗೆ ಕಥೆ ಇಷ್ಟು. ಬೆಳಗಾದರೆ ಪರೀಕ್ಷೆ. ಹಿಂದಿನ ರಾತ್ರಿ ಹಾಸ್ಟೆಲ್ ವಾರ್ಡನ್ ಸತ್ತು ಬಿದ್ದಿರುತ್ತಾನೆ. ಅವನು ಬರೆದಿಟ್ಟ ಚೀಟಿಯಲ್ಲಿ ಕೆಲವು ಹುಡುಗರ ಹೆಸರಿವೆ. ಆ ಹುಡುಗರು ಇದನ್ನು ಅಪಘಾತ ಅಂತ ತೋರಿಸೋಕೆ ರಾತ್ರಿಯೆಲ್ಲ ಒದ್ದಾಡುತ್ತಾರೆ. ನಿರ್ದೇಶಕ ನಿತಿನ್ ಕೃಷ್ಣಮೂರ್ತಿ ಅವರಿಗೆ ಇದು ಮೊದಲ ಸಿನಿಮಾ, ನಟರಲ್ಲೂ ಬಹುಪಾಲು ಹೊಸಬರು. ಕೊನೆಗೆ ಏನಾಗುತ್ತೆ ಅಂತ ಇಲ್ಲಿ ಬರೆಯಲ್ಲ.

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಜೊತೆ ಥಿಯೇಟರಿನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಮೇಲೆ ಮನೆಯಲ್ಲಿ ಅಪ್ಪನಿಗೆ ತೋರಿಸಿದರೆ ಅರ್ಧಕ್ಕೇ ಎದ್ದು ಹೋದರು. 'ಇದೇನು ಹುಚ್ಚಾಟ' ಅಂದರು. ಅವರಿಗೆ ಹೇಗೆ ಅರ್ಥ ಮಾಡಿಸಲಿ?
ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ತಮ್ಮಾ, ಮೊದಲು ಆ 'ಅರ್ಥ ಮಾಡಿಸೋದು' ಬಿಟ್ಟುಬಿಡು. ನಿಮ್ಮಪ್ಪನಿಗೆ ಸಿನಿಮಾ ಅರ್ಥ ಆಗಿದೆ, ಇಷ್ಟ ಆಗಿಲ್ಲ ಅಷ್ಟೆ. ಈ ಸಿನಿಮಾ ಮೆಚ್ಚಿದವರು ಎಲ್ಲ ಕಡೆ ಮಾಡುತ್ತಿರುವ ತಪ್ಪು ಇದೇ: ನಗು ಬರಲಿಲ್ಲ ಅಂದವರನ್ನೆಲ್ಲ ಹಳೇ ಕಾಲದವರು ಅಂತ ಒಂದು ಮೂಲೆಗೆ ಕೂಡಿಸಿಬಿಡುತ್ತಾರೆ. ನಮಗೆ ಬಂದ ಪತ್ರಗಳಲ್ಲಿ ಇಪ್ಪತ್ತರ ಆಸುಪಾಸಿನವರೂ ಬೈದಿದ್ದಾರೆ, ನಿವೃತ್ತರೂ ಹೊಗಳಿದ್ದಾರೆ.

ನೀನು ನಕ್ಕಿದ್ದಕ್ಕೆ ಕಾರಣ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಅಂದರೆ ಏನು ಅಂತ ನಿನಗೆ ಮೈಯಲ್ಲೇ ಗೊತ್ತು. ಬ್ಯಾಕ್ ಉಳಿದಿರುತ್ತೆ, ಇಂಟರ್ನಲ್ಸ್ ಕಮ್ಮಿ ಇರುತ್ತೆ, ಯಾರದೋ ನೋಟ್ಸಿನ ಜೆರಾಕ್ಸ್ ಕೈಯಿಂದ ಕೈಗೆ ಓಡಾಡುತ್ತಿರುತ್ತೆ, ಅರ್ಧ ಹಾಸ್ಟೆಲ್ ಓದುತ್ತಿದ್ದರೆ ಇನ್ನರ್ಧ ಓದುವವರನ್ನು ಕೆಡಿಸುತ್ತಿರುತ್ತೆ. ಆ ಗಾಬರಿಯೊಳಗೆ ಇನ್ನೊಂದು ದೊಡ್ಡ ಗಾಬರಿ ಬಂದು ಬಿದ್ದರೆ ಹುಡುಗರು ಹೇಗೆಲ್ಲ ಆಡುತ್ತಾರೆ ಅನ್ನೋದನ್ನ ಸಿನಿಮಾ ಚಲೋ ಹಿಡಿದಿದೆ. ಆ ರಾತ್ರಿ ಕಂಡಿರದವರಿಗೆ ಅದು ಬರೀ ಕೂಗಾಟ ಅನಿಸಬಹುದು. ಅಪ್ಪನ ಹತ್ತಿರ ಸಿನಿಮಾ ಬಗ್ಗೆ ವಾದ ಮಾಡಬೇಡ. ನಿನ್ನ ಹಾಸ್ಟೆಲಿನ ಒಂದು ರಾತ್ರಿಯ ಕಥೆ ಹೇಳು, ಕೇಳುತ್ತಾರೆ.

ಸತ್ತ ಮನುಷ್ಯನ ಹೆಣ ಇಟ್ಟುಕೊಂಡು ಎರಡು ಗಂಟೆ ನಗಿಸೋದು ಯಾವ ಸಂಸ್ಕೃತಿ? ನಮ್ಮ ಹಿರಿಯರು ಇಂಥದ್ದನ್ನು ಒಪ್ಪುತ್ತಿದ್ದರಾ?
ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಸರ್, ನಿಮ್ಮ ಊರಿನಿಂದ ಈ ಪ್ರಶ್ನೆ ಬಂದಿದ್ದು ನನಗೆ ತುಂಬಾ ಖುಷಿ ಆಯಿತು, ಯಾಕಂದರೆ ಉತ್ತರ ನಿಮ್ಮ ಊರಿನಲ್ಲೇ ಇದೆ. ಹೋಳಿ ಹುಣ್ಣಿಮೆಗೆ ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಮನ್ಮಥರನ್ನು ಕೂಡಿಸುತ್ತೀರಿ. ಅವರನ್ನು ನಗಿಸಿದವರಿಗೆ ಬಹುಮಾನ. ಮಂದಿ ಮುಂದೆ ನಿಂತು ಏನೆಲ್ಲ ಮಾತಾಡಿ, ಏನೆಲ್ಲ ಕುಣಿದರೂ ಅವರು ಕಲ್ಲಿನ ಹಾಗೆ ಕೂತಿರುತ್ತಾರೆ. ಮನ್ಮಥ ಸುಟ್ಟು ಬೂದಿಯಾಗುವ ಕಥೆಯ ಹಬ್ಬ ಅದು, ಅಂದರೆ ಒಂದು ಸಾವಿನ ಹಬ್ಬವೇ. ಅಲ್ಲಿ ನಗು ಇದೆ ಅಲ್ವಾ?

ಅಣಕು ಶವಯಾತ್ರೆಯನ್ನೂ ನೆನೆಸಿಕೊಳ್ಳಿ. ಹೋಳಿಗೆ ಹುಬ್ಬಳ್ಳಿ ಕಡೆ ಜೀವ ಇರುವ ಮನುಷ್ಯನನ್ನೇ ಚಟ್ಟದ ಮೇಲೆ ಮಲಗಿಸಿ, ಹಲಗೆ ಬಾರಿಸುತ್ತಾ, ಬಾಯಿ ಬಡಿದುಕೊಂಡು ಲಬೋ ಲಬೋ ಅಂತ ಅಳುತ್ತಾ ಹೊರಡುತ್ತಾರೆ, ನೋಡುವವರೂ ನಗುತ್ತಾರೆ, ಒಮ್ಮೊಮ್ಮೆ ಹೆಣವೂ ನಕ್ಕುಬಿಡುತ್ತೆ. ಗಣೇಶ ಚೌತಿ ಆದಮೇಲೆ ಬರುವ ಜೋಕುಮಾರನೂ ಹಾಗೇ. ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುತ್ತಾನೆ, ಅವನ ಮೇಲೆ ಹಾಡುವ ಹಾಡುಗಳಲ್ಲಿ ಪೋಲಿ ಮಾತು ಬೇಕಾದಷ್ಟು ಇರುತ್ತೆ, ಕೊನೆಗೆ ಅವನೂ ಸಾಯುತ್ತಾನೆ. ನಮ್ಮ ಹಿರಿಯರು ಸಾವನ್ನೂ ನಗುವನ್ನೂ ಬೇರೆ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟವರಲ್ಲ.

ಆದರೂ ನಿಮ್ಮ ಬೇಸರವನ್ನು ನಾನು ತಳ್ಳಿಹಾಕಲ್ಲ. ಹಬ್ಬದ ಅಣಕು ಇಡೀ ಊರಿಗೆ ಗೊತ್ತಿರುವ ಆಟ. ಅಲ್ಲಿ ಯಾರ ಮನೆಯಲ್ಲೂ ಸೂತಕ ಇಲ್ಲ. ಸಿನಿಮಾದಲ್ಲಿ ಸತ್ತವನಿಗೆ ಒಂದು ಹೆಸರಿದೆ, ಒಂದು ಕೆಲಸ ಇದೆ. ಹಾಗಾಗಿ ಕಥೆ ಯಾರನ್ನು ನೋಡಿ ನಗುತ್ತಿದೆ ಅನ್ನೋದು ಮುಖ್ಯ ಆಗುತ್ತೆ. ನನ್ನ ಲೆಕ್ಕದಲ್ಲಿ ಈ ಸಿನಿಮಾ ಹೆಚ್ಚಿನ ಹೊತ್ತು ಹುಡುಗರ ಹೆದರಿಕೆಯನ್ನು ನೋಡಿ ನಗುತ್ತೆ. ಸಿಕ್ಕಿಬೀಳುತ್ತೇವೆ ಅನ್ನುವ ಭಯದಲ್ಲಿ ಒಂದು ಸುಳ್ಳಿಗೆ ಹತ್ತು ಸುಳ್ಳು ಪೋಣಿಸುವ ಅವರ ದಡ್ಡತನವನ್ನು ನೋಡಿ ನಗುತ್ತೆ. ಅಲ್ಲಿ ನಾನೂ ನಕ್ಕೆ. ನಗು ಹುಡುಗರ ಕಡೆಯಿಂದ ಜಾರಿ ಆ ದೇಹದ ಕಡೆ ಹೋದ ಕಡೆ ನನಗೂ ಮುಜುಗರ ಆಯಿತು. ನೀವು ಬೈದಿದ್ದು ಬಹುಶಃ ಆ ಜಾಗಗಳನ್ನೇ.

ನಾನು ಬಹಳ ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವನು. ಆತ್ಮಹತ್ಯೆ, ಚೀಟಿ, ಅದರಲ್ಲಿ ಹುಡುಗರ ಹೆಸರು, ಇದು ತಮಾಷೆಯ ವಿಷಯವೇ? ಇಂಥ ಫೋನ್ ಕರೆ ಬಂದ ರಾತ್ರಿ ಹೇಗಿರುತ್ತೆ ಅಂತ ಗೊತ್ತಿದ್ದವರು ಈ ಕಥೆ ಬರೆಯುತ್ತಿರಲಿಲ್ಲ.
ಓದುಗರು, ಧಾರವಾಡ

ನಮಗೆ ಬಂದ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಇದನ್ನೇ. ಸಾವಿನ ತಮಾಷೆಗೆ ನಮ್ಮಲ್ಲಿ ಜಾಗ ಇದೆ ಅಂತ ಮೇಲೆ ಬರೆದೆ. ಆತ್ಮಹತ್ಯೆಯ ವಿಷಯಕ್ಕೆ ಬಂದರೆ ಅದೇ ಮಾತನ್ನು ಅಷ್ಟೇ ಧೈರ್ಯದಿಂದ ಹೇಳೋಕೆ ನನಗೆ ಆಗಲ್ಲ.

ಕಥೆಗೆ ಆ ಚೀಟಿ ಬೇಕು, ಅದಿಲ್ಲದೆ ಹುಡುಗರಿಗೆ ಓಡುವ ಕಾರಣವೇ ಇರಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಚೀಟಿ ಸಿಕ್ಕ ತಕ್ಷಣ ಹುಡುಗರು ಕೇಳಿಕೊಳ್ಳುವ ಪ್ರಶ್ನೆ 'ನಮ್ಮ ಗತಿ ಏನು' ಅಂತ. ಈ ಮನುಷ್ಯ ಯಾಕೆ ಹೀಗೆ ಮಾಡಿಕೊಂಡ, ನಾವು ಅವನಿಗೆ ಅಷ್ಟು ಕಾಟ ಕೊಟ್ಟೆವಾ ಅಂತ ಒಂದು ನಿಮಿಷ ಸುಮ್ಮನೆ ಕೂತು ಯೋಚಿಸುವ ಹುಡುಗ ಒಬ್ಬ ಇದ್ದಿದ್ದರೆ ನಿಮ್ಮಂಥ ನೋಡುಗರು ಇನ್ನೊಂದು ಹೆಜ್ಜೆ ಸಿನಿಮಾದ ಜೊತೆ ನಡೆಯುತ್ತಿದ್ದರು ಅಂತ ನನಗನಿಸುತ್ತೆ. ಅದರಿಂದ ನಗು ಕಮ್ಮಿ ಆಗುತ್ತಿರಲಿಲ್ಲ, ಆಮೇಲೆ ಬರುವ ನಗುವಿಗೆ ತೂಕ ಬರುತ್ತಿತ್ತು.

ಇನ್ನೊಂದು ಮಾತು. ಸಿನಿಮಾಗಳಲ್ಲಿ ವಾರ್ಡನ್ ಅಂದರೆ ವಿಲನ್, ಇಲ್ಲಾ ಪೆದ್ದ. ರಾತ್ರಿ ಗೇಟಿಗೆ ಬೀಗ ಹಾಕಿ, ಜ್ವರ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಊರಲ್ಲಿರುವ ತಂದೆತಾಯಿಗೆ ಫೋನ್ ಮಾಡುವ ವಾರ್ಡನ್ ಸಿನಿಮಾದಲ್ಲಿ ಸಿಗೋದು ಅಪರೂಪ. ನೀವು ಅದನ್ನೆಲ್ಲ ಮಾಡಿದ್ದೀರಿ. ನಿಮ್ಮ ಸಿಟ್ಟಿಗೆ ಅರ್ಥ ಇದೆ.

ಇದನ್ನು ಓದುತ್ತಿರುವ ಹಾಸ್ಟೆಲ್ ಹುಡುಗರು, ಹುಡುಗಿಯರು, ವಾರ್ಡನ್‌ಗಳು, ಯಾರಿಗೇ ಆಗಲಿ ಮನಸ್ಸು ಭಾರ ಆದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮಕ್ಕಳ ಜೊತೆ ನೋಡಿದೆ. ಅರ್ಧ ಗಂಟೆಗೇ ತಲೆನೋವು. ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಕ್ಯಾಮೆರಾ ಒಂದು ಕಡೆ ನಿಲ್ಲಲ್ಲ. 'ಕಿರಿಕ್ ಪಾರ್ಟಿ' ಎಷ್ಟು ಚಂದ ಇತ್ತು!
ಗೃಹಿಣಿ, ಹಾವೇರಿ

ಅಕ್ಕಾ, 2016ರ ಕೊನೆಗೆ ಬಂದ 'ಕಿರಿಕ್ ಪಾರ್ಟಿ'ಯಲ್ಲಿ ಕಾಲೇಜಿನ ವರ್ಷಗಳು ಉರುಳುತ್ತವೆ, ಪ್ರೀತಿ ಇದೆ, ಉಸಿರಾಡೋಕೆ ಹಾಡುಗಳಿವೆ. ಇದು ಹೆಚ್ಚುಕಮ್ಮಿ ಒಂದೇ ರಾತ್ರಿಯ ಕಥೆ. ಆ ರಾತ್ರಿಯ ಗದ್ದಲದ ನಡುವೆ ನಾವೇ ನಿಂತಿದ್ದೇವೆ ಅನಿಸಬೇಕು ಅಂತ ಕ್ಯಾಮೆರಾವನ್ನು ಹುಡುಗರ ಹಿಂದೆಯೇ ಓಡಿಸಿದ್ದಾರೆ. ಛಾಯಾಗ್ರಾಹಕ ಅರವಿಂದ್ ಕಶ್ಯಪ್, ಸಂಗೀತ ಅಜನೀಶ್ ಲೋಕನಾಥ್. ಇಬ್ಬರೂ 'ಕಾಂತಾರ'ಕ್ಕೆ ಕೆಲಸ ಮಾಡಿದವರೇ. ಹಾಗಾಗಿ ಕೆಲಸ ಬಾರದೆ ಕ್ಯಾಮೆರಾ ಅಲುಗಾಡಿದ್ದಲ್ಲ, ಬೇಕು ಅಂತಲೇ ಹಾಗೆ ಮಾಡಿದ್ದು.

ಬೇಕು ಅಂತ ಮಾಡಿದ್ದು ಅಂದಮಾತ್ರಕ್ಕೆ ನಿಮ್ಮ ತಲೆನೋವು ಸುಳ್ಳಾಗಲ್ಲ. ಹುಡುಗರಿಂದ ತುಂಬಿದ ಥಿಯೇಟರಿನಲ್ಲಿ ಪಕ್ಕದವನು ನಕ್ಕರೆ ನಮಗೂ ನಗು ಬರುತ್ತೆ, ಒಂದು ಡೈಲಾಗ್ ಕೇಳಿಸದಿದ್ದರೂ ನಡೆಯುತ್ತೆ. ಮನೆಯ ಟಿವಿಯಲ್ಲಿ ಕುಕ್ಕರ್ ಸೀಟಿಯ ನಡುವೆ ಅದೇ ಗದ್ದಲ ಬರೀ ಗದ್ದಲವಾಗಿ ಉಳಿಯುತ್ತೆ. ನನಗೂ ಎರಡನೇ ಅರ್ಧ ಉದ್ದ ಆಯಿತು ಅನಿಸಿತು. ಒಂದೇ ಬಗೆಯ ಗಾಬರಿಯನ್ನು ಮೂರು ಸಲ ತೋರಿಸಿದರೆ ಮೂರನೇ ಸಲಕ್ಕೆ ನಗು ಬರಲ್ಲ. ಅಲ್ಲಿ ಕತ್ತರಿ ಬೇಕಿತ್ತು.

ಹಾಸ್ಟೆಲ್ ಅಂದರೆ ಹುಡುಗರದ್ದು ಮಾತ್ರಾನಾ? ನಾನು ಸಪ್ತಾಪುರದ ಪಿಜಿಯಲ್ಲಿ ಇದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಕಥೆಗಳೂ ಇವೆ.
ಓದುಗಿ, ಧಾರವಾಡ

ತಂಗಿ, ಖಂಡಿತ ಇವೆ. ಈ ಸಿನಿಮಾದಲ್ಲಿ ಹೆಣ್ಣುಮಕ್ಕಳಿಗೆ ಜಾಗ ತೀರಾ ಕಮ್ಮಿ. ಹುಡುಗರ ಹಾಸ್ಟೆಲಿನ ಕಥೆ ಅಂತ ಸ್ವಲ್ಪ ಬಿಟ್ಟುಕೊಡಬಹುದು, ಆದರೆ ಇದ್ದ ಜಾಗದಲ್ಲೂ ಅವರನ್ನು ಹುಡುಗರ ಕಣ್ಣಿನಿಂದ ಮಾತ್ರ ನೋಡಿದ್ದು ನನಗೆ ಹಿಡಿಸಲಿಲ್ಲ.

ಸಪ್ತಾಪುರದ ರೂಮುಗಳಲ್ಲಿ ಎಷ್ಟು ಸಿನಿಮಾಕ್ಕಾಗುವಷ್ಟು ಸಾಮಾನು ಇದೆ ಅಂತ ಅಲ್ಲಿದ್ದವರಿಗೆ ಗೊತ್ತು. ನಾಲ್ಕು ತಾಲ್ಲೂಕಿನ ನಾಲ್ಕು ಹುಡುಗಿಯರು ಒಂದು ಕೋಣೆಯಲ್ಲಿ. ಒಬ್ಬಳಿಗೆ ಊರಿಂದ ರೊಟ್ಟಿಯ ಗಂಟು ಬಂದರೆ ಆ ದಿನ ಮೆಸ್ಸಿಗೆ ಯಾರೂ ಹೋಗಲ್ಲ. ಇನ್ನೊಬ್ಬಳ ಮನೆಯಲ್ಲಿ ಈ ಸಲ ಪಾಸಾಗದಿದ್ದರೆ ಮದುವೆ ಅಂತ ಗಡುವು. ಹೊತ್ತು ಮುಳುಗುವುದರೊಳಗೆ ಒಳಗಿರಬೇಕು ಅನ್ನುವ ಓನರ್ ಆಂಟಿ. ನಗು ಬೇಕಾ, ಭಯ ಬೇಕಾ, ಎಲ್ಲ ಅಲ್ಲೇ ಇದೆ. ನೀವೇ ಬರೆಯಿರಿ. ನಾಲ್ಕು ಪುಟ ಆದರೂ ಸಾಕು, ನಮಗೆ ಕಳಿಸಿ, ಓದುತ್ತೇವೆ.

ನಮ್ಮ ಕಡೆಯ ಭಾಷೆ ಸಿನಿಮಾದಲ್ಲಿ ಬರೋದು ನಗಿಸೋಕೆ ಮಾತ್ರ. ಕಾಲೇಜು ಸಿನಿಮಾದಲ್ಲೂ ಹೀರೋ ನಮ್ಮಂತೆ ಮಾತಾಡಲ್ಲ. ಯಾಕೆ?
ಓದುಗರು, ಗದಗ

ಈ ಸಿಟ್ಟು ನನ್ನದೂ ಹೌದು. ನಮ್ಮ ಮಾತಿಗೆ ಅಳುವ ಶಕ್ತಿ, ಸಿಟ್ಟಾಗುವ ಶಕ್ತಿ, ಪ್ರೀತಿ ಹೇಳುವ ಶಕ್ತಿ ಎಲ್ಲ ಇದೆ ಅಂತ ಬೇಂದ್ರೆಯವರು ಕವಿತೆಯಲ್ಲಿ ತೋರಿಸಿದರು, ಧಾರವಾಡದ ಜಿ. ಬಿ. ಜೋಶಿಯವರು ಜಡಭರತ ಅನ್ನುವ ಹೆಸರಿನಲ್ಲಿ ನಾಟಕ ಬರೆದು ತೋರಿಸಿದರು. ಗದಗ ಅಂತೂ ಕಂಪನಿ ನಾಟಕಗಳ ಊರು. ಸಿನಿಮಾದವರು ಅದರಿಂದ ಹಾಸ್ಯ ಒಂದನ್ನೇ ಎತ್ತಿಕೊಂಡು ಹೋದರು.

ಆದರೆ ಈ ಸಿನಿಮಾದಿಂದ ಒಂದು ಧೈರ್ಯ ಬರುತ್ತೆ. ಹೆಸರಿಲ್ಲದ ಹೊಸ ಹುಡುಗರು ಸೇರಿ ಮಾಡಿದ್ದನ್ನು ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ ಮುಂದೆ ನಿಂತು ಜನರಿಗೆ ತಲುಪಿಸಿತು. ಅದೇ ವರ್ಷ ಆಗಸ್ಟಿನಲ್ಲಿ 'ಬಾಯ್ಸ್ ಹಾಸ್ಟೆಲ್' ಅನ್ನುವ ಹೆಸರಿನಲ್ಲಿ ತೆಲುಗಿಗೂ ಹೋಯಿತು. ಹೊಸಬರಿಗೆ ದಾರಿ ಇದೆ ಅಂತಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಇಷ್ಟೊಂದು ಕಾಲೇಜು, ಇಷ್ಟೊಂದು ಹಾಸ್ಟೆಲ್ ಇದ್ದೂ ಇಲ್ಲಿನ ಹುಡುಗರು ಇಲ್ಲಿನ ಮಾತಿನಲ್ಲೇ ಒಂದು ಸಿನಿಮಾ ಪೂರ್ತಿ ಮಾತಾಡಬೇಕು ಅಂತ ನನಗೆ ಬಹಳ ಆಸೆ ಇದೆ. ಅದರಲ್ಲಿ ನಗಿಸುವವನೂ ನಮ್ಮವನಾಗಿರಲಿ, ಅಳಿಸುವವನೂ ನಮ್ಮವನೇ ಆಗಿರಲಿ.

ರಮ್ಯಾ ಅವರ ದೃಶ್ಯಗಳ ಬಗ್ಗೆ ಗಲಾಟೆ ಆಗಿತ್ತಲ್ಲ, ಏನದು?
ಓದುಗರು, ಶಿಗ್ಗಾವಿ

ತಮ್ಮ ದೃಶ್ಯಗಳನ್ನು ಒಪ್ಪಿಗೆ ಇಲ್ಲದೆ ಬಳಸಿದ್ದಾರೆ ಅಂತ ಅವರು ಬಿಡುಗಡೆಗೆ ಮುಂಚೆ ಕೋರ್ಟಿಗೆ ಹೋಗಿದ್ದರು. ಕೋರ್ಟ್ ತಡೆ ಕೊಡಲಿಲ್ಲ, ಸಿನಿಮಾ ಹೇಳಿದ ದಿನವೇ ಬಂತು.

ಹತ್ತು ವರ್ಷದ ಮಗನ ಜೊತೆ ನೋಡಬಹುದಾ?
ಓದುಗರು, ನವಲಗುಂದ

ಬೇಡ. ಹೆಣ ಹೊತ್ತು ತಿರುಗುವುದು, ಆತ್ಮಹತ್ಯೆಯ ಚೀಟಿ, ಇವುಗಳ ಬಗ್ಗೆ ಅವನು ಕೇಳುವ ಪ್ರಶ್ನೆಗಳಿಗೆ ಸಿನಿಮಾ ಉತ್ತರ ಕೊಡಲ್ಲ, ನೀವೇ ಕೊಡಬೇಕಾಗುತ್ತೆ. ಪಿಯುಸಿ ಮುಗಿಸಿ ಹಾಸ್ಟೆಲ್ಲಿಗೆ ಹೋಗುವ ವಯಸ್ಸಿಗೆ ಬಂದಾಗ ಇಬ್ಬರೂ ಕೂತು ನೋಡಿ.