ಹೊಸ ಟಿವಿಯಲ್ಲಿ ಡಕ್ ಹಂಟ್ ಗನ್ ಯಾಕೆ ಹೊಡೆಯುತ್ತಿಲ್ಲ

ಡಕ್ ಹಂಟ್ ಅಂದರೆ ಟಿವಿ ಪರದೆಯ ಬಾತುಕೋಳಿಗಳಿಗೆ ಆಟಿಕೆ ಗನ್ನಿನಿಂದ ಗುರಿಯಿಟ್ಟು ಆಡುವ ಹಳೇ ವಿಡಿಯೋ ಗೇಮ್. ಅದು ಹೊಸ ಟಿವಿಯಲ್ಲಿ ನಡೆಯದಿದ್ದರೆ ತೊಂದರೆ ಇರುವುದು ಬಹುಶಃ ಗನ್ನಿನಲ್ಲಲ್ಲ, ಟಿವಿಯಲ್ಲಿ. ಅಟ್ಟದಿಂದ ಇಳಿಸಿದ ಕ್ಯಾಸೆಟ್ ಗೇಮ್‌ನಲ್ಲಿ ಮಾರಿಯೋ ಸರಿಯಾಗಿ ಓಡುತ್ತದೆ, ಎಲ್‌ಇಡಿ ಟಿವಿಯಲ್ಲಿ ಬಾತುಕೋಳಿ ಮಾತ್ರ ಒಂದೂ ಬೀಳುತ್ತಿಲ್ಲ ಅಂದರೆ, ಅದೇ ಸುಳಿವು.

ಆ ಗನ್ ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಬೆನ್ನಿಗೇ ಬೆಳಕು ಕಂಡರೆ ಗುರಿ ತಾಗಿದಂತೆ ಲೆಕ್ಕ. ಬರೀ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಲು ಆಗದಿರುವುದಕ್ಕೆ ಆ ಕಪ್ಪು ಪರದೆಯೇ ಕಾರಣ. 1984ರಲ್ಲೇ ಇದನ್ನು ಯೋಚಿಸಿದವರ ಬುದ್ಧಿವಂತಿಕೆಗೆ ನನಗೆ ಈಗಲೂ ಬೆರಗು! ಪಿಕ್ಚರ್ ಟ್ಯೂಬ್ ಟಿವಿ ಆ ಚೌಕವನ್ನು ತಕ್ಷಣ ತೋರಿಸುತ್ತಿತ್ತು. ಎಲ್‌ಇಡಿ ಟಿವಿ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗೇಮ್ ಪರೀಕ್ಷೆ ಮುಗಿಸಿರುತ್ತದೆ.

ಮೊದಲು ಈಗಿನ ಟಿವಿಯಲ್ಲೇ ಟ್ರಿಗರ್ ಒತ್ತಿ. ಪರದೆ ಮಿನುಗಿದರೆ ಟ್ರಿಗರ್, ಅದರ ವೈರು ಎರಡೂ ಸರಿ ಇವೆ. ಮಿನುಗದಿದ್ದರೆ ಗನ್ನನ್ನು ಎರಡನೇ ಪೋರ್ಟಿಗೆ ಹಾಕಿ ನೋಡಿ.

ಆಮೇಲೆ ಹಳೇ ಡಬ್ಬಾ ಟಿವಿ ಹುಡುಕಿ. ನೆಂಟರ ಮನೆ, ಟಿವಿ ರಿಪೇರಿ ಅಂಗಡಿ, ಗುಜರಿ, ಎಲ್ಲಾದರೂ ಸಿಕ್ಕೀತು. 100 ಹರ್ಟ್ಸ್ ಎಂದು ಬರೆದಿರುವುದು ಬೇಡ, ಟ್ಯೂಬ್ ಟಿವಿಯಾದರೂ ಅದರಲ್ಲಿ ಗನ್ ನಡೆಯುವುದಿಲ್ಲ. ದುಡ್ಡು ಕೊಡುವ ಮುಂಚೆ ಅಲ್ಲೇ ಆಡಿ ನೋಡಿ. ಬ್ರೈಟ್‌ನೆಸ್ ಏರಿಸಿ, ಗನ್ನಿನ ಮೂತಿಯೊಳಗಿನ ಲೆನ್ಸಿನ ಧೂಳು ಒರೆಸಿ.

ಅಲ್ಲೂ ಬೀಳದಿದ್ದರೆ ಗನ್ನಿನ ಸೆನ್ಸರ್ ಹೋಗಿರಬಹುದು. ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾಗದು. ಗನ್ ಬಿಚ್ಚಬಹುದು, ಟಿವಿ ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.