ಹದಿನೆಂಟು ಸೆಕೆಂಡು ಉಳಿದಿರುವಾಗ ಲೇಖನ ಶುರು ಮಾಡಿ

ನಮಸ್ಕಾರ,

ಅಮೆರಿಕದ ಕಾಲೇಜು ಫುಟ್‌ಬಾಲ್ ಋತುವಿನ ಕೊನೆಗೆ ನಡೆಯುವ ದೊಡ್ಡ ಪಂದ್ಯಗಳಲ್ಲೊಂದಾದ ಫಿಯೆಸ್ಟಾ ಬೌಲ್, ಅದರಲ್ಲೂ 2007ರದ್ದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಬಿಡಬೇಡಿ. ಬಾಯ್ಸಿ ಸ್ಟೇಟ್ 43, ಓಕ್ಲಹೋಮಾ 42. ಅಮೆರಿಕದ ಕಾಲೇಜು ಫುಟ್‌ಬಾಲ್ ಗಂಧಗಾಳಿ ಇಲ್ಲದವರೂ ಕೂತು ಓದುವಂಥ ಪಂದ್ಯ ಇದು. ನೀವು ಹಾಗೆ ಓದಿಸಿಕೊಂಡು ಹೋಗುತ್ತಿಲ್ಲ, ಅಷ್ಟೇ.

ಮೊದಲ ಎರಡು ಪುಟ ತೆಗೆದುಬಿಡಿ. ಆಟ ಹುಟ್ಟಿದ ಕಥೆ, ಚೆಂಡಿನ ಆಕಾರ, ಮೈದಾನದ ಅಳತೆ, ಹೆಲ್ಮೆಟ್ಟು... ಅಷ್ಟು ಓದುವಷ್ಟರಲ್ಲಿ ನನಗೇ ಆಕಳಿಕೆ ಬಂತು. ನಿಯಮ ಹೇಳಬೇಕು, ಒಪ್ಪುತ್ತೇನೆ. ಅದು ಕೆಲಸಕ್ಕೆ ಬರುವ ಜಾಗದಲ್ಲೇ ಹೇಳಿ. ಹೀಗೆ ನೋಡಿ:

ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಬಾಯ್ಸಿಗೆ ಉಳಿದದ್ದು ನಾಲ್ಕನೆಯದು. ಹಿಂದೆ ತಳ್ಳಿಸಿಕೊಂಡು ಬಂದಿದ್ದರಿಂದ ಈಗ ದಾಟಬೇಕಾದ್ದು 18 ಗಜ. ಗಡಿಯಾರದಲ್ಲೂ 18 ಸೆಕೆಂಡು. ಸ್ಕೋರು 28-35.

ಇಲ್ಲಿಂದಲೇ ಶುರು ಮಾಡಬಹುದಲ್ವಾ? ಈ ಜಾಗದಲ್ಲಿ ನೀವು ಬರೆದಿರುವುದು ‘ಆಗ ನಂಬಲಾಗದ ರೋಚಕ ಕ್ಷಣವೊಂದು ಸೃಷ್ಟಿಯಾಯಿತು’ ಎಂದು. ಏನಾಯಿತು ಅಂತಲೇ ಇಲ್ಲ! ಆದದ್ದು ಇಷ್ಟು: ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾರೆಡ್ ಜಬ್ರಾನ್ಸ್ಕಿ ಚೆಂಡನ್ನು ಡ್ರಿಸಾನ್ ಜೇಮ್ಸ್‌ಗೆ ಎಸೆದ. ಓಕ್ಲಹೋಮಾದವರು ಅವನ ಮೇಲೆ ಮುಗಿಬೀಳಲು ಬಂದರು. ಎದುರು ದಿಕ್ಕಿನಿಂದ ಓಡಿಬರುತ್ತಿದ್ದ ಜೆರಾರ್ಡ್ ರ‍್ಯಾಬ್ ಕೈಗೆ ಜೇಮ್ಸ್ ಚೆಂಡು ದಾಟಿಸಿಬಿಟ್ಟ. ರ‍್ಯಾಬ್ ಎದುರಾಳಿಯ ಕೊನೆಯ ಗೆರೆ ದಾಟಿದಾಗ (ಇದೇ ಟಚ್‌ಡೌನ್, ಆರು ಅಂಕ) ಉಳಿದಿದ್ದು 7 ಸೆಕೆಂಡು. ಆಮೇಲೆ ಒದ್ದು ಪಡೆದ ಒಂದು ಅಂಕದಿಂದ 35-35, ಸಮಬಲ. ಇದೇ ಜಬ್ರಾನ್ಸ್ಕಿ ಒಂದು ನಿಮಿಷದ ಹಿಂದೆ ಚೆಂಡನ್ನು ಓಕ್ಲಹೋಮಾದ ಮಾರ್ಕಸ್ ವಾಕರ್ ಕೈಗೆ ಹಾಕಿ, ಅವನು ಓಡಿಹೋಗಿ ಟಚ್‌ಡೌನ್ ಮಾಡಿದ್ದ. ಬಾಯ್ಸಿ ಹಿಂದೆ ಬಿದ್ದದ್ದೇ ಹಾಗೆ. ಅದನ್ನು ನೀವು ಬರೆದೇ ಇಲ್ಲ. 28-10ರಲ್ಲಿ ಮುಂದಿದ್ದ ತಂಡ ಅಲ್ಲಿಯವರೆಗೆ ಜಾರಿದ್ದು ಹೇಗೆ ಎನ್ನುವುದೂ ಇಲ್ಲ.

ಟಚ್‌ಡೌನನ್ನು ಸಿಕ್ಸರ್‌ಗೂ ಕ್ವಾರ್ಟರ್‌ಬ್ಯಾಕನ್ನು ಧೋನಿಗೂ ಹೋಲಿಸಿದ್ದೀರಿ. ದಯವಿಟ್ಟು ಬೇಡ. ಆಟ ಅರ್ಥವಾಗುವ ಬದಲು ಕ್ರಿಕೆಟ್ಟೇ ಕಣ್ಮುಂದೆ ಬರುತ್ತದೆ.

ಹೆಚ್ಚುವರಿ ಆಟದ ಭಾಗ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಲ್ಲಿ. ಹೆಚ್ಚುವರಿ ಆಟದಲ್ಲಿ ಎರಡೂ ತಂಡಗಳಿಗೆ ಸರದಿಯಂತೆ ಚೆಂಡು ಸಿಗುತ್ತದೆ. ಓಕ್ಲಹೋಮಾಕ್ಕೆ ಚೆಂಡು ಸಿಕ್ಕ ಮೊದಲ ಸಲವೇ ಆಡ್ರಿಯನ್ ಪೀಟರ್ಸನ್ 25 ಗಜ ಓಡಿ ಟಚ್‌ಡೌನ್ ಮಾಡಿದ. ಒದ್ದು ಪಡೆದ ಒಂದು ಅಂಕವೂ ಸೇರಿ 42. ಬಾಯ್ಸಿಯೂ ಕಷ್ಟಪಟ್ಟು ಒಂದು ಮಾಡಿತು: 41-42. ಈಗ ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಹೆಚ್ಚುಕಡಿಮೆ ಖಾತ್ರಿ, ಸಮಬಲ, ಇನ್ನೊಂದು ಸುತ್ತು. ಮೂರು ಗಜದಿಂದ ಗೆರೆ ದಾಟಿಸಿದರೆ ಎರಡು ಅಂಕ, ತಪ್ಪಿದರೆ ಸೋಲು. ಮುಖ್ಯ ಕೋಚ್ ಆಗಿ ಮೊದಲ ವರ್ಷದಲ್ಲಿದ್ದ ಕ್ರಿಸ್ ಪೀಟರ್ಸನ್ ಎರಡಕ್ಕೇ ಕೈಹಾಕಿದರು. (ಇಬ್ಬರು ಪೀಟರ್ಸನ್ ಇದ್ದಾರೆ, ಹುಷಾರು. ಒಂದು ಕಡೆ ನೀವು ಕೋಚನ್ನೇ ಓಡಿಸಿಬಿಟ್ಟಿದ್ದೀರಿ.)

ಜಬ್ರಾನ್ಸ್ಕಿ ಬಲಗೈ ಎತ್ತಿ ಬಲಬದಿಗೆ ಎಸೆಯುವ ಹಾಗೆ ಬೀಸಿದ. ಆ ಕೈಯಲ್ಲಿ ಏನೂ ಇರಲಿಲ್ಲ. ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ. ಹಿಂದಿನಿಂದ ಇಯಾನ್ ಜಾನ್ಸನ್ ಬಂದು ಅದನ್ನು ತೆಗೆದುಕೊಂಡು ಎಡಕ್ಕೆ ಓಡಿದ. ಅವನನ್ನು ಯಾರೂ ಮುಟ್ಟಲಿಲ್ಲ. ಹಳೇ ಉಪಾಯ, ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ’ ಅನ್ನುತ್ತಾರೆ. ಆ ಬರಿಗೈಯನ್ನು ಓದುಗರಿಗೆ ತೋರಿಸಿ, ಸಾಕು. ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ನಾನು ಹೇಗೂ ತೆಗೆಯುತ್ತೇನೆ.

ಆಮೇಲೆ ಜಾನ್ಸನ್ ಟಿವಿ ಕ್ಯಾಮೆರಾ ಎದುರೇ ಮೊಣಕಾಲೂರಿ ಚಿಯರ್‌ಲೀಡರ್ ಗೆಳತಿಯನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು.

ಆ ಜಾಗದಲ್ಲಿ ಬಾಯ್ಸಿ ಯಾರು ಅಂತ ಹೇಳಿ. ಐಡಾಹೊ ರಾಜ್ಯದ ಈ ಕಾಲೇಜು ಶುರುವಾದದ್ದು 1932ರಲ್ಲಿ, ಜೂನಿಯರ್ ಕಾಲೇಜಾಗಿ. ಫುಟ್‌ಬಾಲಿನ ಮೇಲಿನ ದರ್ಜೆಗೆ ಬಂದದ್ದು 1996ರಲ್ಲಿ. ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಆಗಿನ ಪದ್ಧತಿಯಲ್ಲಿ ಆರು ದೊಡ್ಡ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಿಗೆ ದೊಡ್ಡ ಬೌಲ್‌ಗಳಲ್ಲಿ ಜಾಗ ಖಾಯಂ. ಓಕ್ಲಹೋಮಾ ಬಂದದ್ದು ಹಾಗೆ, ಬಿಗ್ 12 ಎಂಬ ಕಾನ್ಫರೆನ್ಸ್‌ನಿಂದ. ಬಾಯ್ಸಿಯ ಕಾನ್ಫರೆನ್ಸ್ ಆ ಆರರಲ್ಲಿ ಇರಲಿಲ್ಲ. ರ‍್ಯಾಂಕಿಂಗ್‌ನಲ್ಲಿ ಮೇಲೆ ಬಂದರಷ್ಟೇ ಬಾಗಿಲು ತೆರೆಯುತ್ತಿತ್ತು. ಇದು ಗೊತ್ತಿಲ್ಲದೆ ಅರಿಜೋನಾದ ಆ ರಾತ್ರಿಯ ಗದ್ದಲಕ್ಕೆ ಅರ್ಥವೇ ಇಲ್ಲ.

ಇನ್ನು ಒಂದು ದೊಡ್ಡ ತಪ್ಪು. ‘ಈ ಗೆಲುವಿನಿಂದ ಬಾಯ್ಸಿ ರಾಷ್ಟ್ರೀಯ ಚಾಂಪಿಯನ್ ಆಯಿತು’ ಎಂದಿದ್ದೀರಿ. ಆಗಲಿಲ್ಲ. ಚಾಂಪಿಯನ್‌ಶಿಪ್ ಪಂದ್ಯ ಯಾರು ಆಡಬೇಕೆಂದು ಮತಗಳು ಮತ್ತು ಕಂಪ್ಯೂಟರ್ ಲೆಕ್ಕ ತೀರ್ಮಾನಿಸುತ್ತಿದ್ದ ಕಾಲ ಅದು. ಆ ಪಂದ್ಯದಲ್ಲಿ ಫ್ಲಾರಿಡಾ ಓಹಿಯೋ ಸ್ಟೇಟನ್ನು ಸೋಲಿಸಿತು. 13 ಆಡಿ 13 ಗೆದ್ದ ಬಾಯ್ಸಿಗೆ ಎಪಿ ಸುದ್ದಿಸಂಸ್ಥೆಯ ರ‍್ಯಾಂಕಿಂಗ್ ಪಟ್ಟಿಯಲ್ಲಿ ಸಿಕ್ಕಿದ್ದು ಐದನೇ ಸ್ಥಾನ. ಎರಡೆರಡು ಪಂದ್ಯ ಸೋತ ಎಲ್‌ಎಸ್‌ಯು, ಯುಎಸ್‌ಸಿ ಕಾಲೇಜುಗಳು ಅದಕ್ಕಿಂತ ಮೇಲೆ. ನಿಮ್ಮ ಲೇಖನದ ಕೊನೆ ಇಲ್ಲಿದೆ, ಮದುವೆ ಪ್ರಸ್ತಾಪದಲ್ಲಿಲ್ಲ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಸಾವಿರ ಪದದೊಳಗೆ ಇರಲಿ. ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗಿವೆ. ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಸಂಪಾದಕ